ದುರ್ಬಲ ಹೃದಯಕ್ಕೆ ಯಾವ ಅರಿವಳಿಕೆ?

ಓದುಗರೇ, ನಮ್ಮ ಇತ್ತಲಾರಿನ ಕಡೆ ಯಾರ ಮನೆಯಲ್ಲಾದರೂ ಆಪರೇಷನ್ನಿನ ಮಾತು ಬಂತೆಂದರೆ ಮೊದಲು ಹುಟ್ಟುವ ಭಯ ಕತ್ತಿಯದಲ್ಲ, ಮತ್ತಿನದು. "ಮತ್ತು ಕೊಟ್ಟರೆ ಮತ್ತೆ ಏಳ್ತಾರಾ?" ಈ ಪ್ರಶ್ನೆಯನ್ನು ಹೆಂಗಸರು ಬಾಯಿಬಿಟ್ಟು ಕೇಳುತ್ತಾರೆ, ಗಂಡಸರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಹೃದಯದ ಆಪರೇಷನ್ ಎಂದರಂತೂ ಈ ಭಯ ಇಮ್ಮಡಿಯಾಗುತ್ತದೆ. ಇದು ಅರ್ಥವಿಲ್ಲದ ಭಯವೇನೂ ಅಲ್ಲ. ಆದರೆ ಪೂರ್ತಿ ತಿಳಿದುಕೊಂಡ ಭಯವೂ ಅಲ್ಲ. ಆ ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ನಿಮ್ಮ ಮನೆಯ ಹಿರಿಯರೊಬ್ಬರನ್ನು ನೆನೆದುಕೊಳ್ಳಿ. ಹೋದ ವರ್ಷದವರೆಗೆ ಚಹಾ ತೋಟದ ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ಮೂರು ಕಡೆ ನಿಲ್ಲುತ್ತಾರೆ. ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಮೊದಲು ಎರಡು ದಿಂಬು, ಆಮೇಲೆ ಮೂರು, ಕಡೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾರೆ. ಊಟಿಯ ದೊಡ್ಡಾಸ್ಪತ್ರೆಯಲ್ಲಿ ನೋಡಿದವರು, "ಹೃದಯದ ಶಕ್ತಿ ಬಹಳ ಕಡಿಮೆಯಾಗಿದೆ, ಕೊಯಮತ್ತೂರಿಗೋ ಮೈಸೂರಿಗೋ ಕರೆದುಕೊಂಡು ಹೋಗಿ" ಎನ್ನುತ್ತಾರೆ. ಅಲ್ಲಿಯ ತಜ್ಞರು, ಹೃದಯಕ್ಕೆ ಒತ್ತಾಸೆಯಾಗಿ ಒಂದು ಸಾಧನವನ್ನು ಒಳಗೆ ಕೂಡಿಸಬೇಕು ಎನ್ನುತ್ತಾರೆ. ಆಗ ಹಿರಿಯರು ಕೈ ಮುಗಿದು, "ಬೇಡಪ್ಪಾ, ಮನೆಗೆ ಹೋಗೋಣ" ಎಂದುಬಿಡುತ್ತಾರೆ. ಆ ಗಳಿಗೆಯಲ್ಲಿ ನಿಮಗೆ ಏನು ತಿಳಿದಿರಬೇಕು?

ಮೊದಲನೆಯದಾಗಿ, ಅರಿವಳಿಕೆ ಎಂದರೆ ಒಂದೇ ಬಗೆಯಲ್ಲ. ಹಲ್ಲು ಕೀಳುವಾಗ ಒಸಡಿಗೆ ಸೂಜಿ ಚುಚ್ಚುತ್ತಾರೆ. ಅಷ್ಟು ಜಾಗ ಮಾತ್ರ ಮರಗಟ್ಟುತ್ತದೆ. ಇದು ಸ್ಥಳೀಯ ಅರಿವಳಿಕೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವಾಗ ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಕೊಡುತ್ತಾರೆ. ಸೊಂಟದ ಮೇಲಿನಿಂದ ಕಾಲಿನವರೆಗೆ ನೋವು ತಿಳಿಯದು, ಆದರೆ ತಾಯಿ ಎಚ್ಚರವಾಗಿರುತ್ತಾಳೆ, ಮಗುವಿನ ಮೊದಲ ಅಳುವನ್ನು ತಾನೇ ಕೇಳುತ್ತಾಳೆ. ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಈ ಬಗೆಗೆ ಪ್ರಾದೇಶಿಕ ಅರಿವಳಿಕೆ ಎಂದು ಹೆಸರು. ಮೂರನೆಯದು ಪೂರ್ಣ ಅರಿವಳಿಕೆ. ಇಲ್ಲಿ ರೋಗಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ದೊಡ್ಡ ಆಪರೇಷನ್‌ಗಳಲ್ಲಿ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ನಮ್ಮ ಜನ "ಮತ್ತು" ಎನ್ನುವುದು ಇದನ್ನೇ.

ಪ್ರಾದೇಶಿಕ ಅರಿವಳಿಕೆ ಹೊಸ ವಿದ್ಯೆಯೇನಲ್ಲ. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ವೈದ್ಯರು ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದರು. ೧೮೯೮ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮದ್ದು ಸೇರಿಸಿ ಕಾಲಿನ ಶಸ್ತ್ರಚಿಕಿತ್ಸೆ ಮಾಡಿದರು. ಇಂದು ಆಸ್ಪತ್ರೆಗಳಲ್ಲಿ ಬಳಸುವ ಲಿಗ್ನೊಕೇನ್, ಬುಪಿವಕೇನ್ ಮುಂತಾದವು ಆ ದಾರಿಯಲ್ಲೇ ಬಂದ, ಹೆಚ್ಚು ಸುರಕ್ಷಿತವಾದ ಮದ್ದುಗಳು. ಇವು ಕೆಲಸ ಮಾಡುವ ಬಗೆ ಸರಳ. ನೋವಿನ ಸುದ್ದಿ ಗಾಯದಿಂದ ಮೆದುಳಿಗೆ ನರದ ಮೂಲಕ ಹೋಗುತ್ತದೆ. ಕ್ಯಾರೆಟ್ ಹೊಲಕ್ಕೆ ಹೋಗುವ ಕಾಲುವೆಗೆ ನಡುವೆ ಮಣ್ಣು ಹಾಕಿ ತಡೆದರೆ ನೀರು ಮುಂದೆ ಹರಿಯದು, ಅಲ್ಲವೇ? ಹಾಗೆಯೇ ಮದ್ದು ನರದ ಹಾದಿಯನ್ನು ಕೆಲವು ಗಂಟೆ ಕಟ್ಟುತ್ತದೆ. ಗಾಯ ಇರುತ್ತದೆ, ಸುದ್ದಿ ಮಾತ್ರ ಮೆದುಳಿಗೆ ಮುಟ್ಟುವುದಿಲ್ಲ. ಮದ್ದಿನ ಶಕ್ತಿ ಇಳಿದ ಮೇಲೆ ಕಾಲುವೆ ಮತ್ತೆ ಹರಿಯುತ್ತದೆ.

ಇನ್ನು ಪೂರ್ಣ ಅರಿವಳಿಕೆ ದುರ್ಬಲ ಹೃದಯಕ್ಕೆ ಏಕೆ ಭಾರ ಎಂಬುದನ್ನು ನೋಡೋಣ. ನಿದ್ದೆ ತರಿಸುವ ಮದ್ದುಗಳಲ್ಲಿ ಹೆಚ್ಚಿನವು ರಕ್ತನಾಳಗಳನ್ನು ಸಡಿಲಿಸುತ್ತವೆ, ಹೃದಯದ ಹಿಂಡುವ ಶಕ್ತಿಯನ್ನು ಅಷ್ಟಿಷ್ಟು ಕುಗ್ಗಿಸುತ್ತವೆ. ಪರಿಣಾಮವಾಗಿ ರಕ್ತದೊತ್ತಡ ಇಳಿಯುತ್ತದೆ. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಆಗಲೇ ಸೋತಿರುವ ಹೃದಯಕ್ಕೆ ತಡೆದುಕೊಳ್ಳುವ ಮಿಗುತಾಯ ಇರುವುದಿಲ್ಲ. ಎರಡನೆಯದು ಉಸಿರಿನ ವಿಚಾರ. ನಾವು ತಾನಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು, ದೇಹದ ರಕ್ತ ಹೃದಯದ ಕಡೆಗೆ ಸಲೀಸಾಗಿ ಬರುತ್ತದೆ. ಯಂತ್ರ ಮಾಡುವುದು ಇದರ ತಲೆಕೆಳಗು. ಅದು ಗಾಳಿಯನ್ನು ಒಳಗೆ ದಬ್ಬುತ್ತದೆ, ಎದೆಯೊಳಗೆ ಒತ್ತಡ ಏರುತ್ತದೆ, ಬರುವ ರಕ್ತ ಕಡಿಮೆಯಾಗುತ್ತದೆ, ಶ್ವಾಸಕೋಶಕ್ಕೆ ರಕ್ತ ಕಳಿಸುವ ಬಲಭಾಗದ ಹೃದಯಕ್ಕೆ ಶ್ರಮವೂ ಹೆಚ್ಚಬಹುದು. ಆಪರೇಷನ್ ಮುಗಿದ ಮೇಲೂ ಕೆಲವರಿಗೆ ಯಂತ್ರದಿಂದ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಕಫ ಕಟ್ಟುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ವಯಸ್ಸಾದವರು ದೊಡ್ಡ ಆಪರೇಷನ್ನಿನ ನಂತರ ಎರಡು ಮೂರು ದಿನ ದಿಕ್ಕುತಪ್ಪಿದವರ ಹಾಗೆ ಮಾತಾಡುವುದನ್ನು ನೀವೂ ಕಂಡಿರಬಹುದು.

ಹಾಗಾದರೆ ಹೃದಯಕ್ಕೆ ಸಾಧನ ಕೂಡಿಸುವಾಗಲೆಲ್ಲ ಪೂರ್ಣ ಅರಿವಳಿಕೆ ಬೇಕೇ? ಇಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಪರಿಚಿತವಾದದ್ದು ಪೇಸ್‌ಮೇಕರ್. ಬಡಿತ ನಿಧಾನವಾದ ಹೃದಯಕ್ಕೆ ವಿದ್ಯುತ್ತಿನ ಸಣ್ಣ ತಟ್ಟು ಕೊಡುವ ಸಾಧನ ಇದು. ದೇಹದೊಳಗೆ ಇದನ್ನು ಮೊದಲು ಕೂಡಿಸಿದ್ದು ೧೯೫೮ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ. ಅಂದು ಎದೆಯನ್ನೇ ತೆರೆಯಬೇಕಾಗಿತ್ತು. ಹಲವು ಬಾರಿ ಸಾಧನ ಬದಲಿಸಿಕೊಂಡು ಅವರು ೨೦೦೧ರವರೆಗೆ ಬದುಕಿದರು. ಇಂದು ಪೇಸ್‌ಮೇಕರನ್ನು ಕೊರಳೆಲುಬಿನ ಕೆಳಗೆ ಸ್ಥಳೀಯ ಅರಿವಳಿಕೆಯಲ್ಲೇ ಕೂಡಿಸುತ್ತಾರೆ. ರೋಗಿ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ. ಆಪತ್ತಿನ ಹೊತ್ತಿನಲ್ಲಿ ತೊಡೆಯ ಸಂದಿನ ರಕ್ತನಾಳದಿಂದ ಏರಿಸುವ ಬಲೂನ್ ಪಂಪಿಗೂ ಸ್ಥಳೀಯ ಮದ್ದು ಸಾಕಾಗುತ್ತದೆ.

ಎರಡನೆಯದು, ಬಡಿತ ಅಂಕೆತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ. ಇದರ ಒಂದು ಬಗೆಯನ್ನು ಎಡ ಕಂಕುಳಿನ ಕೆಳಗೆ, ಪಕ್ಕೆಲುಬುಗಳ ಮೇಲೆ ಚರ್ಮದಡಿ ಇಡುತ್ತಾರೆ. ತಂತಿ ಹೃದಯದೊಳಗೆ ಹೋಗುವುದಿಲ್ಲ. ಗಾಯ ದೊಡ್ಡದಾದ್ದರಿಂದ ಮೊದಮೊದಲು ಹೆಚ್ಚಾಗಿ ಪೂರ್ಣ ಅರಿವಳಿಕೆ ಕೊಡುತ್ತಿದ್ದರು. ಈಗ ಪಕ್ಕೆಯ ಸ್ನಾಯುಪದರಗಳ ನಡುವೆ ಮದ್ದು ಹರಡಿ, ಜೊತೆಗೆ ಲಘುವಾದ ಮಂಪರು ಕೊಟ್ಟು ಇದನ್ನು ಮುಗಿಸುವ ಪದ್ಧತಿ ಹಲವು ಕಡೆ ಬಂದಿದೆ. ಶಾಕ್ ಪರೀಕ್ಷೆ ಮಾಡುವುದಾದರೆ ಆ ಕೆಲವು ನಿಮಿಷ ಮಾತ್ರ ಗಾಢವಾದ ನಿದ್ದೆ ತರಿಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಎಡ ಹೃತ್ಕುಕ್ಷಿಗೆ ನೆರವಾಗುವ ಪಂಪು. ಹೃದಯದ ತುದಿಯಿಂದ ರಕ್ತವನ್ನು ಎಳೆದು ಮಹಾಪಧಮನಿಗೆ ತಳ್ಳುವ ಈ ಯಂತ್ರ ಅಂಗೈಯಲ್ಲಿ ಹಿಡಿಸುವಷ್ಟಿದೆ. ಈಗ ಹೆಚ್ಚು ಬಳಕೆಯಲ್ಲಿರುವ ಹಾರ್ಟ್‌ಮೇಟ್ ೩ ಎಂಬ ಪಂಪಿನ ತೂಕ ಸುಮಾರು ೨೦೦ ಗ್ರಾಂ. ಹೊಟ್ಟೆಯ ಚರ್ಮದ ಮೂಲಕ ಒಂದು ತಂತಿ ಹೊರಬಂದು, ಸೊಂಟಕ್ಕೆ ಕಟ್ಟಿಕೊಂಡ ಬ್ಯಾಟರಿಗಳಿಗೆ ಸೇರುತ್ತದೆ. ಬೆಲೆಯೂ ದೊಡ್ಡದೇ, ಹಲವು ಹತ್ತು ಲಕ್ಷ ರೂಪಾಯಿ. ಇದನ್ನು ಕೂಡಿಸಲು ಎದೆಯನ್ನು ತೆರೆಯಲೇಬೇಕು. ಆದ್ದರಿಂದ ಪೂರ್ಣ ಅರಿವಳಿಕೆಯೇ ಇಂದಿಗೂ ಇದರ ರೂಢಿ. ಇಲ್ಲಿ ಎಚ್ಚರದಲ್ಲೇ ಎದೆ ತೆರೆಯುವುದು ಸಾಧ್ಯವೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಕನ್ನಡ ನಾಡಿನ ವೈದ್ಯರೂ ಇದ್ದಾರೆ.

ಬೆಂಗಳೂರಿನ ವೊಕಾರ್ಟ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಡಾ. ವಿವೇಕ್ ಜವಳಿ ಮತ್ತು ಅರಿವಳಿಕೆ ತಜ್ಞ ಡಾ. ಮುರಳಿ ಚಕ್ರವರ್ತಿ ಅವರ ತಂಡ, ಬೆನ್ನಿನ ಮೇಲ್ಭಾಗದಲ್ಲಿ, ಬೆನ್ನುಹುರಿಯ ಹೊದಿಕೆಯ ಹೊರಗೆ ಎಳೆಯಂಥ ನಳಿಕೆ ಇಟ್ಟು ಮದ್ದು ಹನಿಸುವ ಎಪಿಡ್ಯೂರಲ್ ವಿಧಾನದಲ್ಲಿ ದೊಡ್ಡ ಕೆಲಸ ಮಾಡಿತು. ಹೃದಯ ಬಡಿಯುತ್ತಿರುವಾಗಲೇ, ಪೂರ್ಣ ಅರಿವಳಿಕೆಯಿಲ್ಲದೆ, ಈ ಒಂದು ವಿಧಾನದಿಂದಲೇ ಬೈಪಾಸ್ ಮಾಡಿದ ಅನುಭವವನ್ನು ಅವರು ೨೦೦೩ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೃದಯ-ಶ್ವಾಸಕೋಶ ಯಂತ್ರ ಬಳಸುವ ಆಪರೇಷನ್‌ಗಳನ್ನೂ ಗಂಟಲಿಗೆ ಕೊಳವೆ ಹಾಕದೆ, ರೋಗಿ ಎಚ್ಚರವಿರುವಾಗಲೇ ಮಾಡಿದ್ದನ್ನು ೨೦೦೫ರಲ್ಲಿ ವರದಿ ಮಾಡಿದರು. ಅದೇ ವರ್ಷ, ಹೃದಯದ ಆಪರೇಷನ್‌ಗೆ ಬಂದ ೨,೧೧೩ ರೋಗಿಗಳಲ್ಲಿ ಈ ಎಪಿಡ್ಯೂರಲ್ ಬಳಸಿದ ಲೆಕ್ಕವನ್ನೂ ಮುಂದಿಟ್ಟರು. ಇದು ಎಚ್ಚರದಲ್ಲಿ ಮಾಡಿದ ಆಪರೇಷನ್‌ಗಳ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಪೂರ್ಣ ಅರಿವಳಿಕೆಯ ಜೊತೆಗೂ ಎಪಿಡ್ಯೂರಲ್ ಕೊಡುವುದುಂಟು. ಆಗ ನಿದ್ದೆಯ ಮದ್ದು ಕಡಿಮೆ ಸಾಕು, ಆಪರೇಷನ್ನಿನ ನಂತರದ ನೋವೂ ಕಡಿಮೆ.

ಇದೇ ದಾರಿ ಮುಂದೆ ಹೃದಯದ ಪಂಪಿನವರೆಗೂ ಹೋಯಿತು. ಇಟಲಿಯ ಪಾದುವ ನಗರದ ತಂಡವೊಂದು ೨೦೧೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೆನ್ನುಮೂಳೆಯ ಪಕ್ಕದಲ್ಲಿ ನರಗಳು ಹೊರಡುವ ಜಾಗಕ್ಕೆ ಮದ್ದು ಕೊಟ್ಟು, ಹೃದಯ-ಶ್ವಾಸಕೋಶ ಯಂತ್ರವಿಲ್ಲದೆ, ಎದೆಯ ಸಣ್ಣ ಗಾಯದ ಮೂಲಕ ಪಂಪು ಕೂಡಿಸಿದ ವಿಧಾನವನ್ನು ವಿವರಿಸಿದೆ. ಇದಕ್ಕೆ ಮಹತ್ವ ಏಕೆಂದರೆ, ಪಂಪು ನೆರವಾಗುವುದು ಎಡಭಾಗಕ್ಕೆ ಮಾತ್ರ. ಬಲಭಾಗ ತನ್ನ ಕೆಲಸವನ್ನು ತಾನೇ ಮಾಡಿಕೊಂಡು ಪಂಪಿಗೆ ರಕ್ತ ಒದಗಿಸಬೇಕು. ಉಸಿರಿನ ಯಂತ್ರದ ಒತ್ತಡ ಹೊರೆಯಾಗುವುದು ಆ ಬಲಭಾಗಕ್ಕೇ ಎಂದು ಆಗಲೇ ಹೇಳಿದೆ. ಆದರೆ ಇಂಥ ಆಪರೇಷನ್‌ಗಳು ಬೆರಳೆಣಿಕೆಯ ಕೇಂದ್ರಗಳಲ್ಲಿ, ಆಯ್ದ ರೋಗಿಗಳಿಗೆ ಮಾತ್ರ ನಡೆದಂಥವು. "ನಮ್ಮ ಅಜ್ಜನಿಗೂ ಹೀಗೇ ಮಾಡಿ" ಎಂದು ಹಟ ಹಿಡಿಯಲು ಇವು ಆಧಾರವಲ್ಲ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅನುಕೂಲವೂ ಬಂದಿದೆ. ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುವಂಥದೇ ಯಂತ್ರದಿಂದ ಸ್ನಾಯುಗಳ ಪದರವನ್ನೂ ಸೂಜಿಯ ತುದಿಯನ್ನೂ ಪರದೆಯ ಮೇಲೆ ನೋಡುತ್ತಲೇ ಮದ್ದು ಕೊಡಬಹುದು. ಪಕ್ಕೆಯ ಸ್ನಾಯುಪದರಕ್ಕೆ ಮದ್ದು ಹರಡುವ ವಿಧಾನವನ್ನು ೨೦೧೩ರಲ್ಲಿ, ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುವಿನ ಅಡಿಗೆ ಕೊಡುವ ವಿಧಾನವನ್ನು ೨೦೧೬ರಲ್ಲಿ ಮೊದಲು ವಿವರಿಸಲಾಯಿತು. ಇವು ಬೆನ್ನುಹುರಿಯಿಂದ ದೂರ ಇರುವುದರಿಂದ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹೃದಯರೋಗಿಗಳಿಗೆ ಎಪಿಡ್ಯೂರಲ್‌ಗಿಂತ ಅಪಾಯ ಕಡಿಮೆ.

ಅಪಾಯದ ಮಾತು ಬಂದದ್ದರಿಂದ ಇನ್ನೊಂದು ಬದಿಯನ್ನೂ ಹೇಳಬೇಕು. ಪ್ರಾದೇಶಿಕ ಅರಿವಳಿಕೆ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಎಪಿಡ್ಯೂರಲ್ ಕೊಡುವಾಗ ಒಳಗೆ ರಕ್ತ ಸೋರಿ ಹೆಪ್ಪುಗಟ್ಟಿದರೆ ಬೆನ್ನುಹುರಿ ಅದುಮಿಹೋಗಿ ಕಾಲಿನ ಶಕ್ತಿಯೇ ಹೋಗಬಹುದು. ಇದು ಬಹಳ ಅಪರೂಪ, ಆದರೆ ಆದರೆ ದೊಡ್ಡ ಅನಾಹುತ. ಹೃದಯದ ಆಪರೇಷನ್ನಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕಾಗುವುದರಿಂದ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಎಪಿಡ್ಯೂರಲ್‌ನಿಂದಲೂ ರಕ್ತದೊತ್ತಡ ಇಳಿಯಬಹುದು. ಎದೆಯ ಬಳಿಯ ಸೂಜಿ ಶ್ವಾಸಕೋಶದ ಪೊರೆಗೆ ತಗಲಿದರೆ ಗಾಳಿ ಸೋರಬಹುದು. ಮದ್ದು ತಪ್ಪಿ ರಕ್ತನಾಳಕ್ಕೆ ಹೋದರೆ ಸೆಳವು ಬರಬಹುದು, ಹೃದಯದ ಬಡಿತವೇ ಕೆಡಬಹುದು. ಮಟ್ಟಸವಾಗಿ ಮಲಗಲಾಗದವರು, ಬಿಡದೆ ಕೆಮ್ಮುವವರು, ಗಾಬರಿಯಿಂದ ಹೊರಳಾಡುವವರು ಎಚ್ಚರದ ಆಪರೇಷನ್‌ಗೆ ಒಗ್ಗುವುದಿಲ್ಲ. ನಡುವೆ ತೊಂದರೆಯಾದರೆ ತಕ್ಷಣ ಪೂರ್ಣ ಅರಿವಳಿಕೆಗೆ ಬದಲಾಯಿಸಬೇಕು. ಎದೆ ತೆರೆದಿರುವಾಗ ಹಾಗೆ ಅವಸರದಲ್ಲಿ ಬದಲಾಯಿಸುವುದು, ಮೊದಲೇ ನಿದ್ದೆ ಮಾಡಿಸಿದ್ದಕ್ಕಿಂತ ಕಷ್ಟ. ನುರಿತ ಅರಿವಳಿಕೆ ತಜ್ಞರು ಇಂದು ದುರ್ಬಲ ಹೃದಯಕ್ಕೂ ಮದ್ದನ್ನು ಹನಿಹನಿಯಾಗಿ ಅಳೆದು ಪೂರ್ಣ ಅರಿವಳಿಕೆ ಕೊಡುತ್ತಾರೆ, ಬಡಿತ ಬಡಿತಕ್ಕೂ ರಕ್ತದೊತ್ತಡ ನೋಡುತ್ತಿರುತ್ತಾರೆ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ "ಯಾವುದು ಒಳ್ಳೆಯದು?" ಎಂದಲ್ಲ, "ನಮ್ಮವರಿಗೆ ಯಾವುದು ಒಗ್ಗುತ್ತದೆ?" ಎಂದು.

ಈ ಪ್ರಶ್ನೆಗೆ ಉತ್ತರ ಹೇಳುವವರು ಅರಿವಳಿಕೆ ತಜ್ಞರು. ನಮ್ಮ ಜನ ಕೊಯ್ಯುವ ಡಾಕ್ಟರ ಹೆಸರನ್ನು ಹತ್ತು ಊರು ವಿಚಾರಿಸಿ ತಿಳಿದುಕೊಳ್ಳುತ್ತಾರೆ. ಉಸಿರನ್ನು ಕಾಯುವ ಡಾಕ್ಟರ ಮುಖವನ್ನೂ ನೋಡಿರುವುದಿಲ್ಲ. ಇದು ಬದಲಾಗಬೇಕು. ನಾವು ಬೆಟ್ಟದ ಮೇಲಿನವರು. ಕೂನೂರಿನ ಘಾಟಿ ಇಳಿದು ಕೊಯಮತ್ತೂರಿಗೆ, ಇಲ್ಲವೇ ಗೂಡಲೂರು ಬಂಡೀಪುರದ ದಾರಿಯಲ್ಲಿ ಮೈಸೂರಿಗೆ ತಲುಪುವಷ್ಟರಲ್ಲಿ ದಿನವೇ ಹೋಗಿರುತ್ತದೆ. ಆಪರೇಷನ್ ಮೊದಲೇ ಗೊತ್ತಾದದ್ದಾದರೆ ಒಂದು ದಿನ ಮುಂಚೆಯೇ ಹೊರಡಿ. "ಅರಿವಳಿಕೆ ಡಾಕ್ಟರನ್ನು ನೋಡಬೇಕು" ಎಂದು ಬಾಯಿಬಿಟ್ಟು ಕೇಳಿ. ಅವರೆದುರು ಕೂತು, "ಡಾಕ್ಟ್ರೇ, ನಮ್ಮ ತಂದೆಯವರಿಗೆ ಯಾವ ಬಗೆಯ ಅರಿವಳಿಕೆ ಕೊಡ್ತೀರಿ? ಯಾಕೆ ಅದು? ಭಾಗವನ್ನಷ್ಟೇ ಮರಗಟ್ಟಿಸಿ ಮಾಡೋಕೆ ಆಗುತ್ತಾ? ನಡುವೆ ತೊಂದರೆ ಆದ್ರೆ ಏನು ಮಾಡ್ತೀರಿ?" ಎಂದು ಕೇಳಿ. ಇದು ಅಧಿಕಪ್ರಸಂಗವಲ್ಲ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವವರಿಗೆ ಇದನ್ನು ತಿಳಿಯುವ ಹಕ್ಕಿದೆ.

ಕೇಳುವುದರ ಜೊತೆಗೆ ನೀವು ಹೇಳಬೇಕಾದದ್ದೂ ಇದೆ. ಹಿರಿಯರು ನುಂಗುವ ಮಾತ್ರೆಗಳೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್, ಏಸಿಟ್ರೊಮ್ ಇವು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಬೆನ್ನಿಗೆ ಸೂಜಿ ಕೊಡಬಹುದೇ ಇಲ್ಲವೇ ಎಂಬುದು ಇವುಗಳ ಮೇಲೆ ನಿಂತಿದೆ. ಆದರೆ ಡಾಕ್ಟರು ಹೇಳದೆ ನೀವಾಗಿಯೇ ಇವನ್ನು ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದೇ ಕಟ್ಟಿಕೊಂಡೀತು. ನಾಟಿ ಮದ್ದು, ಲೇಹ್ಯ ತಿನ್ನುತ್ತಿದ್ದರೆ ಮುಚ್ಚಿಡಬೇಡಿ. ಬೀಡಿ, ನಶ್ಯ, ಕುಡಿತ ಯಾವುದಿದ್ದರೂ ಹೇಳಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ತೋರಿಸಿ. ಹಿಂದೆ ಯಾವುದಾದರೂ ಸೂಜಿಗೆ ಮೈ ದದ್ದು ಎದ್ದಿದ್ದರೆ ನೆನಪು ಮಾಡಿ ಹೇಳಿ.

ಇನ್ನು ಚಹಾ ನಾಡಿನವರಿಗೆ ಒಂದು ವಿಶೇಷ ಸೂಚನೆ. ಆಪರೇಷನ್ನಿಗೆ ಮುನ್ನ ಹೊಟ್ಟೆ ಖಾಲಿ ಇರಬೇಕು. ಲಘು ಆಹಾರವಾದರೂ ಆರು ಗಂಟೆ ಮೊದಲೇ ನಿಲ್ಲಬೇಕು, ಬರಿಯ ನೀರು ಎರಡು ಗಂಟೆ ಮೊದಲು ನಿಲ್ಲಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದೇ ಸರಿ. ಹಾಲು ಬೆರೆಸಿದ ಚಹಾ ನೀರಿನ ಲೆಕ್ಕಕ್ಕೆ ಸೇರುವುದಿಲ್ಲ, ಆಹಾರದ ಲೆಕ್ಕಕ್ಕೆ ಸೇರುತ್ತದೆ. "ಒಂದು ಗುಟುಕು ಚಹಾ ತಾನೆ, ಚಳಿಗೆ ಕುಡಿಯಲಿ" ಎಂದು ಮರುಕದಿಂದ ಕೊಡುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆಯಿಲ್ಲದಾಗ ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ. ಮರಗಟ್ಟಿಸಿ ಮಾಡುವ ಆಪರೇಷನ್ನಿಗೂ ಇದೇ ನಿಯಮ, ಏಕೆಂದರೆ ನಡುವೆ ಪೂರ್ಣ ಅರಿವಳಿಕೆ ಬೇಕಾಗಬಹುದು.

ಎಚ್ಚರದಲ್ಲಿ ಆಪರೇಷನ್ ಎಂದಾಗ ರೋಗಿಗೆ ಏನು ತಿಳಿಯುತ್ತದೆ ಎಂದು ನೀವು ಕೇಳಬಹುದು. ಕಣ್ಣಿಗೂ ಎದೆಗೂ ನಡುವೆ ಬಟ್ಟೆಯ ತೆರೆ ಕಟ್ಟಿರುತ್ತಾರೆ, ಗಾಯ ಕಾಣಿಸುವುದಿಲ್ಲ. ನೋವು ಇರದಿದ್ದರೂ ಒತ್ತಿದ, ಎಳೆದ ಅನುಭವ ಇರಬಹುದು. ಯಂತ್ರಗಳ ಸದ್ದು, ಡಾಕ್ಟರುಗಳ ಮಾತು ಕೇಳಿಸುತ್ತವೆ. ಇದನ್ನು ಮೊದಲೇ ಹೇಳಿಟ್ಟರೆ ಗಾಬರಿ ಆಗುವುದಿಲ್ಲ. ಎಷ್ಟೋ ಸಲ ಅರೆನಿದ್ದೆಯ ಮದ್ದನ್ನೂ ಜೊತೆಗೆ ಕೊಡುತ್ತಾರೆ.

ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತದೆ. ನಿದ್ದೆಯಲ್ಲಿರುವ ರೋಗಿ ಏನನ್ನೂ ಹೇಳಬೇಕಾಗಿಲ್ಲ. ಎಚ್ಚರದಲ್ಲಿರುವ ರೋಗಿ ಹೇಳಲೇಬೇಕು: ನೋಯುತ್ತಿದೆ, ಉಸಿರು ಸಿಗುತ್ತಿಲ್ಲ, ಬಾಯಿ ಮರಗಟ್ಟುತ್ತಿದೆ, ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಕಡೆಯ ಎರಡು, ಮದ್ದು ರಕ್ತದಲ್ಲಿ ಹೆಚ್ಚಾದದ್ದರ ಮುನ್ಸೂಚನೆಗಳಾಗಿರಬಹುದು. ಮೈಸೂರಿನಲ್ಲಿ ಕನ್ನಡ ನಡೆಯುತ್ತದೆ. ಕೊಯಮತ್ತೂರಿನಲ್ಲಿ ತಮಿಳು ಬೇಕು. ನಮ್ಮ ಹಿರಿಯರಿಗೆ ಸಂತೆಯ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೆ ಭಯದ ಹೊತ್ತಿನಲ್ಲಿ ಬಾಯಿಗೆ ಬರುವುದು ಮನೆಮಾತೇ. ಆದ್ದರಿಂದ ಹಿಂದಿನ ದಿನವೇ ಈ ನಾಲ್ಕು ಮಾತುಗಳನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತಾರೆ ಎಂದು ಅರಿವಳಿಕೆ ಡಾಕ್ಟರಿಗೆ ಬರೆದುಕೊಡಿ, ಕೈಬೆರಳಿನ ಸನ್ನೆಯನ್ನಾದರೂ ಗೊತ್ತುಮಾಡಿಕೊಳ್ಳಿ. ಸಣ್ಣ ಕೆಲಸ, ಆದರೆ ಪ್ರಾಣ ಕಾಯುವ ಕೆಲಸ.

ಓದುಗರೇ, ಮೊದಲು ಹೇಳಿದ ಆ ಹಿರಿಯರ ಬಳಿಗೆ ಮತ್ತೆ ಬರೋಣ. ಅವರು "ಬೇಡಪ್ಪಾ" ಎಂದದ್ದು ಸಾಧನಕ್ಕೋ, ಮತ್ತಿಗೋ? ಅದನ್ನು ಪಕ್ಕದಲ್ಲಿ ಕೂತು ಕೇಳಿ ತಿಳಿದುಕೊಳ್ಳಿ. ಎಲ್ಲ ತಿಳಿದ ಮೇಲೂ ಚಿಕಿತ್ಸೆಯೇ ಬೇಡವೆಂದರೆ ಅದು ಅವರ ತೀರ್ಮಾನ, ಗೌರವಿಸಬೇಕು. ಆದರೆ ಮತ್ತಿನ ಭಯದಿಂದ ಬೇಡವೆಂದಿದ್ದರೆ, ಅವರ ಕೈ ಹಿಡಿದು ಅರಿವಳಿಕೆ ಡಾಕ್ಟರ ಮುಂದೆ ಕೂರಿಸಿ. ಅವರಿಗೆ ಬೇಕಾಗಿರುವುದು ಪೇಸ್‌ಮೇಕರ್ ಮಾತ್ರ ಆಗಿದ್ದರೆ, ಅವರು ಹೆದರಿದ ಆ ಮತ್ತು ಬೇಕಾಗಿಯೇ ಇರಲಿಕ್ಕಿಲ್ಲ. ಕೇಳದೆ ಬೆಟ್ಟ ಹತ್ತಿ ವಾಪಸು ಬಂದರೆ, ಅದು ಎಂದಿಗೂ ತಿಳಿಯುವುದಿಲ್ಲ.